ಹೋಗಲೊಂದು ದಾರಿ, ಬರಲೊಂದು ದಾರಿ

ರಾಮನಗರ ಸೀಮೆಯ ಬಿಡದಿಯ ಫಿಲ್ಮ್ ಸಿಟಿಯಲ್ಲಿ 2015ರಲ್ಲಿ ಕನ್ನಡದ ಬಿಗ್ ಬಾಸ್ ಮನೆ ಎದ್ದಾಗ, ಜನ ಕಂಡಿದ್ದು ಕನ್ನಡಿಯ ಮುಂದಿನವರನ್ನಷ್ಟೇ. ಹಿಂದಿನ ಕತ್ತಲಲ್ಲಿ ನಿಂತ ಕ್ಯಾಮೆರಾದವರು ದನಿಯೆತ್ತುವಂತಿಲ್ಲ. ಇಂಥ ಕಡೆ ಹೆಡ್‌ಸೆಟ್ಟೇ ಜೀವ.

ಆ ಹೆಡ್‌ಸೆಟ್‌ಗಳನ್ನು ಬೆಸೆಯುವ ಇಂಟರ್‌ಕಾಮ್‌ನಲ್ಲಿ ಎರಡು ಜಾತಿ. ಎರಡು ತಂತಿಯದರಲ್ಲಿ ಹೋಗುವ ಮಾತೂ ಬರುವ ಮಾತೂ ಒಂದೇ ದಾರಿ ಹಿಡಿಯುತ್ತವೆ. ನಾಲ್ಕು ತಂತಿಯದರಲ್ಲಿ ಹೋಗಲೊಂದು, ಬರಲೊಂದು. ಇವೆರಡಕ್ಕೂ ಸಂಬಂಧ ಕುದುರಿಸುವುದು ಇಂಟರ್‌ಫೇಸ್ ಎಂಬ ಪುಟ್ಟ ಡಬ್ಬಿ.

ಅದರ ಹದವೆಲ್ಲ ‘ನಲ್’ ತಿರುಪಿನಲ್ಲಿ. ತಪ್ಪಿದರೆ ಕಳಿಸಿದ ಮಾತೇ ಮರಳಿ ಬಂದು ಮೊದಲು ಪ್ರತಿಧ್ವನಿ, ಆಮೇಲೆ ಕಿರುಚಾಟ. ಲೈನಿನ ಮೈಕುಗಳನ್ನೆಲ್ಲ ಬಂದ್ ಮಾಡಿ, ಒಂದು ಸದ್ದು ಕಳಿಸಿ, ಮರಳುವ ದನಿ ಆದಷ್ಟೂ ಕ್ಷೀಣಿಸುವವರೆಗೆ ಮೆಲ್ಲಗೆ ತಿರುಗಿಸಬೇಕು. ಕೇಬಲ್ ಬದಲಾಯಿತೋ, ಮತ್ತೆ ಮೊದಲಿಂದ! ಈಗಿನ ಕೆಲವು ಡಬ್ಬಿಗಳು ಗುಂಡಿ ಒತ್ತಿದರೆ ತಾವೇ ಹೊಂದಿಕೊಳ್ಳುತ್ತವೆ; ಆದರೂ ಪಳಗಿದವರು ಒಮ್ಮೆ ಕಿವಿಗೊಟ್ಟ ಮೇಲೆಯೇ ಡೈರೆಕ್ಟರಿಗೆ ಲೈನ್ ಒಪ್ಪಿಸುವುದು.