ಹಿಡಿಯುವ ಆಟದಲ್ಲಿ ಬಿಡುವ ಬುದ್ಧಿ

ನರಗುಂದದಿಂದ ಓದುಗರೊಬ್ಬರು ಕೇಳಿದ್ದಾರೆ: ‘ಪೋಕೆಮಾನ್ ಅಂದ್ರ ಊರೂರು ತಿರುಗಿ, ಒಂದೊಂದನ್ನ ಹಿಡಿದು ಸಾಕೋ ಆಟ. ಅದನ್ನ ಗಡಿಯಾರ ಇಟ್ಕೊಂಡು ಓಡಿ ಮುಗಿಸಿದ್ರ ಸುಖ ಎಲ್ಲಿ ಉಳೀತ್ರಿ?’ ಸ್ಪೀಡ್‌ರನ್ ನೋಡಲು ಶುರು ಮಾಡಿದ ಹೊಸದರಲ್ಲಿ ನನಗೂ ಹೀಗೇ ಅನಿಸಿತ್ತು. ಹಾಗಾಗಿ ಈ ವಾರ ಬೇರೆಲ್ಲ ಬದಿಗಿಟ್ಟು ಅವರ ಪ್ರಶ್ನೆಯನ್ನೇ ಹಿಡಿದಿದ್ದೇನೆ.

ಈ ಸರಣಿಯ ಮೊದಲ ಆಟಗಳಾದ ರೆಡ್ ಮತ್ತು ಗ್ರೀನ್ ಜಪಾನಿನಲ್ಲಿ ಬಂದದ್ದು 1996ರ ಫೆಬ್ರುವರಿ 27ರಂದು. ಹುಡುಗನಾಗಿದ್ದಾಗ ಹುಳುಗಳನ್ನು ಹಿಡಿದು ಕೂಡಿಡುತ್ತಿದ್ದ ಸತೋಶಿ ತಾಜಿರಿ ಆ ಹುಚ್ಚನ್ನೇ ಆಟವಾಗಿಸಿದರು. ಒಟ್ಟು 151 ಪೋಕೆಮಾನ್. ಮೊದಲ ಸಲ ಆಡುವವರಿಗೆ 25–30 ತಾಸು ಸಲೀಸಾಗಿ ಹೋಗುತ್ತದೆ. ಪಳಗಿದ ರನ್ನರ್, ಗ್ಲಿಚ್ ಎನ್ನುವ ಆಟದೊಳಗಿನ ಯಾವ ದೋಷವನ್ನೂ ಮುಟ್ಟದೆ, ಎರಡು ತಾಸಿನೊಳಗೆ ಚಾಂಪಿಯನ್ನನನ್ನು ಸೋಲಿಸಿ ಏಳುತ್ತಾನೆ. ಅಷ್ಟರಲ್ಲಿ ಅವನು ಹಿಡಿಯುವುದು ಬೆರಳೆಣಿಕೆಯಷ್ಟು. ಕಾದಾಟವೆಲ್ಲ ಹೆಚ್ಚೂಕಡಿಮೆ ಒಂದೇ ಪೋಕೆಮಾನ್‌ನ ಹೆಗಲ ಮೇಲೆ.

ಗಜೇಂದ್ರಗಡದಲ್ಲಿ ತಂಗಿಯ ಮನೆಗೆ ಹೋದಾಗ ಅವಳ ಮಗ ನನ್ನ ಪಕ್ಕ ಕೂತು ಫೋನಿನಲ್ಲಿ ಇಂಥದೊಂದು ಓಟ ನೋಡುತ್ತಿದ್ದ. ಹತ್ತು ನಿಮಿಷ ಆಗಿರಲಿಕ್ಕಿಲ್ಲ, ಚಡಪಡಿಸತೊಡಗಿದ.

‘ಮಾಮಾ, ಅದನ್ನ ಯಾಕ ಹಿಡೀಲಿಲ್ಲ ಅಂವಾ? ಎದುರಿಗೇ ಬಂದಿತ್ತಲ್ಲ!’

‘ಅದರಿಂದ ಅವಗ ಕೆಲಸ ಇಲ್ಲಪಾ.’

‘ಮತ್ತ ಯಾವುದರಿಂದ ಐತಿ?’

ನಿಡೊರಾನ್ ಎಂಬ ಪುಟ್ಟ ಕೊಂಬಿನ ಪ್ರಾಣಿಯಿಂದ. ಆಟ ಶುರುವಾದ ಸ್ವಲ್ಪ ಹೊತ್ತಿಗೆ 22ನೇ ದಾರಿಯ ಹುಲ್ಲಿನಲ್ಲಿ ಸಿಗುತ್ತದೆ. ಚಂದ್ರಶಿಲೆಯೊಂದು ದಾರಿಯಲ್ಲೇ ದೊರೆಯುವುದರಿಂದ ಬಹಳ ಬೇಗ ನಿಡೊಕಿಂಗ್ ಆಗಿ ಬೆಳೆದು ನಿಲ್ಲುತ್ತದೆ. ಆದರೆ ಹುಲ್ಲಿಗೆ ಕಾಲಿಟ್ಟರೆ ಏನು ಎದ್ದುಬರುತ್ತದೋ ಅದೃಷ್ಟ, ಎಸೆದ ಚೆಂಡಿನಲ್ಲಿ ಅದು ನಿಲ್ಲುತ್ತದೋ ಇಲ್ಲವೋ ಅದೂ ಅದೃಷ್ಟ. ಆ ಅದೃಷ್ಟವನ್ನೇ ರನ್ನರುಗಳು ಬಿಚ್ಚಿ ನೋಡಿದ್ದಾರೆ. ಗೇಮ್ ಬಾಯ್ ಯಂತ್ರದೊಳಗೆ ಸದಾ ಓಡುತ್ತಿರುವ ಒಂದು ಎಣಿಕೆಯಿಂದಲೇ ಆಟ ತನ್ನ ಕವಡೆ ಬೀಳಿಸುತ್ತದೆ. ಪರದೆ ಸೆಕೆಂಡಿಗೆ ಸುಮಾರು 60 ಸಲ ಬದಲಾಗುತ್ತದೆ. ಸ್ವಿಚ್ ಹಾಕಿದ ಕ್ಷಣದಿಂದ ಲೆಕ್ಕ ಹಿಡಿದು, ಗೊತ್ತಾದ ಕ್ಷಣಕ್ಕೇ ಗುಂಡಿ ಒತ್ತಿ, ಗೊತ್ತಾದಷ್ಟೇ ಹೆಜ್ಜೆ ಹಾಕಿದರೆ ಪ್ರತಿ ಸಲವೂ ಅದೇ ನಿಡೊರಾನ್ ಎದ್ದುಬರುತ್ತದೆ. ಅದನ್ನು ಹೊಡೆದು ಸುಸ್ತು ಮಾಡುವ ಗೋಜೂ ಇಲ್ಲ, ಎಸೆದ ಮೊದಲ ಚೆಂಡಿಗೇ ಸಿಕ್ಕಿಬೀಳುತ್ತದೆ. ಇದಕ್ಕೆ ಅವರು ಮ್ಯಾನಿಪ್ ಅನ್ನುತ್ತಾರೆ. ಸೆಕೆಂಡಿನ 60ನೇ ಒಂದು ಭಾಗ ಆಚೀಚೆ ಆದರೆ ರೀಸೆಟ್, ಮತ್ತೆ ಮೊದಲಿನಿಂದ.

ಕೊನೆಯ ಕಾದಾಟಗಳು ಇನ್ನೂ ಸೊಗಸು. ಹಾರ್ನ್ ಡ್ರಿಲ್ ಎಂಬ ಪಟ್ಟು ತಗುಲಿದರೆ ಎದುರಾಳಿ ಒಂದೇ ಏಟಿಗೆ ಮಲಗುತ್ತದೆ. ಆದರೆ ಅದು ತಗುಲುವುದು ನೂರಕ್ಕೆ ಮೂವತ್ತು ಸಲ. ಸಾಮಾನ್ಯ ಆಟಗಾರ ಅದರ ತಂಟೆಗೇ ಹೋಗುವುದಿಲ್ಲ. ಮೊದಲ ತಲೆಮಾರಿನ ಆಟಗಳಲ್ಲಿ ಎಕ್ಸ್ ಆ್ಯಕ್ಯುರೆಸಿ ಎಂಬ ಅಂಗಡಿ ಔಷಧಿ ಕೊಟ್ಟರೆ ಮಾತ್ರ ಅದು ಗುರಿ ತಪ್ಪುವುದೇ ಇಲ್ಲ. ಎದುರಾಳಿ ತನಗಿಂತ ಚುರುಕಾಗಿರಬಾರದು, ಅಷ್ಟೇ. ಅದಕ್ಕೆ ಎಕ್ಸ್ ಸ್ಪೀಡ್ ಇದೆ. ಎಲ್ಲರೂ ಅಂಗಡಿಯಲ್ಲೇ ಬಿಟ್ಟುಬರುವ ಎರಡು ಬಾಟಲಿಗಳಿಂದ ಆಟದ ಅತಿ ಬಲಿಷ್ಠರು ಸಾಲಾಗಿ ಉರುಳುತ್ತಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೆಂಪು ಗೆರೆ. ಪೋಕೆಮಾನ್‌ನ ಜೀವ ತೀರಾ ಕಡಿಮೆಯಾದಾಗ ಗೆರೆ ಕೆಂಪಾಗಿ ‘ಟೀಂವ್ ಟೀಂವ್’ ಎಂಬ ಎಚ್ಚರಿಕೆ ಶುರುವಾಗುತ್ತದಲ್ಲ, ಆ ಸದ್ದು ಪೋಕೆಮಾನ್‌ಗಳ ಕೂಗನ್ನು ನುಂಗಿಬಿಡುತ್ತದೆ. ಕೂಗು ಮುಗಿಯಲೆಂದು ಆಟ ಕಾಯುವ ಹೊತ್ತು ಉಳಿಯುತ್ತದೆ. ಆ ಚೂರು ಹೊತ್ತಿಗಾಗಿ ರನ್ನರ್ ಬೇಕೆಂದೇ ತನ್ನ ನಿಡೊಕಿಂಗ್‌ಗೆ ಏಟು ತಿನ್ನಿಸಿ, ಔಷಧಿ ಕೊಡದೆ, ಸಾವಿನ ಅಂಚಿನಲ್ಲೇ ನಡೆಸುತ್ತಾನೆ. ಒಂದು ಏಟು ಲೆಕ್ಕ ತಪ್ಪಿದರೆ ಒಂದೂವರೆ ತಾಸಿನ ಶ್ರಮ ನೀರುಪಾಲು. ಆಟವನ್ನು ಇಷ್ಟು ಹತ್ತಿರದಿಂದ ಬಲ್ಲವನನ್ನು ‘ಓಡಿ ಮುಗಿಸಿದ’ ಅನ್ನಲು ನನಗೆ ಮನಸ್ಸು ಬಾರದು.

ಸೇವ್ ಆಗುತ್ತಿರುವಾಗಲೇ ಯಂತ್ರ ಬಂದ್ ಮಾಡಿ, ಚೀಲದ ಲೆಕ್ಕ ಕೆಡಿಸಿ, ಕೆಲವೇ ನಿಮಿಷಗಳಲ್ಲಿ ಕೊನೆಯ ಪರದೆಗೆ ಜಿಗಿಯುವ ಓಟಗಳೂ ಇವೆ. ಆ ಜಾಣತನಕ್ಕೆ ತಲೆಬಾಗುತ್ತೇನೆ. ಆದರೂ ಗ್ಲಿಚ್‌ಲೆಸ್ ಓಟವೇ ನನಗೆ ಮೇಲು. ಎಲ್ಲರೂ ನಡೆದ ದಾರಿಯಲ್ಲೇ ನಡೆದು, ಎಲ್ಲರಿಗೂ ಸಿಗುವ ಸಾಮಾನಿನಿಂದಲೇ ಗೆಲ್ಲುವುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಹೊಸ ಆಟಗಳಲ್ಲಿ ಲೆಕ್ಕ ಇನ್ನಷ್ಟು ಜಟಿಲ. 2019ರ ನವೆಂಬರಿನಲ್ಲಿ ಸ್ವೋರ್ಡ್ ಮತ್ತು ಶೀಲ್ಡ್ ಬಂದವು. ಅಲ್ಲಿಯವರೆಗೆ ಅದೇ ಕಥೆಯನ್ನು ತುಸು ತಿದ್ದಿ ಮತ್ತೆ ಹೊಸ ಆಟವಾಗಿ ಮಾರುವುದು ಹೆಚ್ಚಾಗಿ ರೂಢಿ. ಈ ಸಲ ಅದನ್ನು ಬಿಟ್ಟು ವಿಸ್ತರಣೆ ಕೊಟ್ಟರು. 2020ರ ಜೂನ್‌ನಲ್ಲಿ ಐಲ್ ಆಫ್ ಆರ್ಮರ್ ಎಂಬ ದ್ವೀಪ, ಅಕ್ಟೋಬರಿನಲ್ಲಿ ಕ್ರೌನ್ ಟಂಡ್ರಾ. ಆ ದ್ವೀಪಕ್ಕೆ ಕಥೆ ಅರ್ಧದಲ್ಲಿರುವಾಗಲೇ ಹೋಗಬಹುದು, ಅಲ್ಲಿನ ಪ್ರಾಣಿಗಳ ಬಲವೂ ನೀವು ಗೆದ್ದ ಬ್ಯಾಡ್ಜುಗಳಿಗೆ ತಕ್ಕಂತೆ ಏರುತ್ತದೆ. ಹೋಗಬೇಕೋ ಬೇಡವೋ?

ನರಗುಂದದ ಓದುಗರಿಗೆ ಇಂಥ ಲೆಕ್ಕ ಹೊಸದಲ್ಲ. ಅವರು ಗಜೇಂದ್ರಗಡಕ್ಕೆ ಹೊರಟರೆ ರೋಣದ ಮೇಲಿನ ದಾರಿಯೇ ನೇರ. ಆದರೆ ರೋಣದ ಸ್ಟ್ಯಾಂಡಿನಲ್ಲಿ ಮುಂದಿನ ಬಸ್ಸಿಗೆ ಕಾಯುತ್ತ ಕೂತವರಿಗಿಂತ, ಗದಗ ಸುತ್ತಿ ಬಂದವರು ಮೊದಲು ಮುಟ್ಟುವ ದಿನಗಳೂ ಇವೆ. ಅಳೆಯಬೇಕಾದ್ದು ದೂರವನ್ನಲ್ಲ, ಹೊತ್ತನ್ನು. ದ್ವೀಪದಿಂದ ತಂದದ್ದು ಮುಂದೆ ಉಳಿಸುವ ನಿಮಿಷಗಳು, ಹೋಗಿಬರಲು ಹಿಡಿದ ನಿಮಿಷಗಳಿಗಿಂತ ಹೆಚ್ಚಿದ್ದರೆ ಸುತ್ತು ಒಳ್ಳೆಯದು. ಇಲ್ಲದಿದ್ದರೆ ಎಂಥ ಚೆಂದದ ದ್ವೀಪವಾದರೂ ಬಿಟ್ಟು ನಡೆಯಬೇಕು. ವಿಸ್ತರಣೆ ಇರುವ ಓಟ, ಇಲ್ಲದ ಓಟ ಎಂದು ಬೇರೆ ಬೇರೆ ಲೆಕ್ಕ ಇಡುವುದು ಅದಕ್ಕೇ.

2022ರ ಸ್ಕಾರ್ಲೆಟ್ ಮತ್ತು ವಯೊಲೆಟ್‌ನಲ್ಲಿ ತೊಡಕು ಬೇರೆ. 2023ರ ಸೆಪ್ಟೆಂಬರಿನ ವಿಸ್ತರಣೆ ಟೀಲ್ ಮಾಸ್ಕ್‌ಗೆ ಕಥೆಯ ನಡುವೆಯೇ ಹೋಗಬಹುದು. ಡಿಸೆಂಬರಿನ ಇಂಡಿಗೊ ಡಿಸ್ಕ್‌ನ ಬಾಗಿಲು ಮಾತ್ರ ಮೂಲ ಕಥೆಯನ್ನೂ ಟೀಲ್ ಮಾಸ್ಕನ್ನೂ ಮುಗಿಸಿದವರಿಗೇ ತೆರೆಯುತ್ತದೆ. ಅಲ್ಲಿನ ಬ್ಲೂಬೆರಿ ಅಕಾಡೆಮಿಯಲ್ಲಿ ಬಹುತೇಕ ಜೋಡಿ ಕಾಳಗಗಳೇ. ಅಲ್ಲಿಯತನಕ ಒಂಟಿ ಎತ್ತಿನಿಂದ ಹೊಲ ಹೊಡೆದು ಬಂದವನು ಇಲ್ಲಿ ಜೋಡೆತ್ತು ಕಟ್ಟಲೇಬೇಕು. ಹಾಗಾಗಿ ಎಲ್ಲ ಸೇರಿಸಿ ಓಡುವವನು ಆ ಎರಡನೆಯದನ್ನು ಎಲ್ಲಿ ಹಿಡಿಯಬೇಕು, ಯಾವಾಗ ಬೆಳೆಸಬೇಕು ಎಂಬುದನ್ನು ಮೊದಲ ತಾಸಿನಲ್ಲೇ ಯೋಚಿಸಿರಬೇಕು.

ನಡುವೆ ಒಂದು ಆಸೆ ಹೇಳಿಕೊಳ್ಳುತ್ತೇನೆ. ಹಳೆಯ ಆಟಗಳಲ್ಲಿ ಮಾತುಗಳು ಪರದೆಯ ಮೇಲೆ ಅಕ್ಷರ ಅಕ್ಷರವಾಗಿ ಮೂಡುತ್ತವೆ. ಅಕ್ಷರ ಕಡಿಮೆ ಇದ್ದಷ್ಟೂ ಮಾತು ಬೇಗ ಮುಗಿಯುತ್ತದೆ. ಜಪಾನಿ ಭಾಷೆಯಲ್ಲಿ ಆಡುವವರಿಗೆ ಇದರ ಲಾಭವುಂಟು. 2016ರ ಸನ್ ಮತ್ತು ಮೂನ್ 9 ಭಾಷಾರೂಪಗಳಲ್ಲಿ ಬಂದವು, ಕನ್ನಡ ಅದರಲ್ಲಿರಲಿಲ್ಲ. ‘ಸ್ಪರ್ಧೆ’ಯನ್ನು ಎರಡೇ ಅಕ್ಷರದಲ್ಲಿ ಮುಗಿಸುವ ನಮ್ಮ ಲಿಪಿಯಲ್ಲಿ ಈ ಆಟವನ್ನು ಓಡಿ ನೋಡಬೇಕು ಎಂದು ನನಗೆ ಬಹಳ ದಿನದಿಂದ ಇದೆ.

ಶುರು ಮಾಡುವವರು ಇಡೀ ಆಟದ ಮೇಲೆ ಬೀಳಬೇಡಿ. ಒಮ್ಮೆ ಮನಸ್ಸು ತುಂಬುವಷ್ಟು ನಿಧಾನವಾಗಿ ಆಡಿ ಮುಗಿಸಿ. ಆಮೇಲೆ ಮೊದಲ ಬ್ಯಾಡ್ಜಿನವರೆಗೆ ಮಾತ್ರ ಹೊತ್ತು ಹಿಡಿಯಿರಿ. ನನ್ನ ಅಳಿಯನಿಗೂ ಹೀಗೇ ಹೇಳಿದ್ದೆ. ಗೋವಾದಲ್ಲಿರುವ ಅವನ ದೊಡ್ಡಪ್ಪ ತಂದುಕೊಟ್ಟ ಹಳೆಯ ಗೇಮ್ ಬಾಯ್ ಇದೆ, ರೆಡ್ ಇದೆ. ಮೊನ್ನೆ ಮತ್ತೆ ಹೋದಾಗ ಗಡಿಯಾರ ನನ್ನ ಕೈಗೆ ಕೊಟ್ಟು ಕೂತ. ಹುಡುಗ ನಿಜಕ್ಕೂ ಪಳಗಿದ್ದ. ಬೇಡದ ಕಾದಾಟಗಳನ್ನು ತಪ್ಪಿಸಿಕೊಂಡು, ವಿರಿಡಿಯನ್ ಕಾಡಿನ ತಿರುವುಗಳನ್ನು ಕಣ್ಣುಮುಚ್ಚಿ ದಾಟುವವನಂತೆ ದಾಟುತ್ತಿದ್ದ. ಕಾಡು ಇನ್ನೇನು ಮುಗಿಯಬೇಕು, ಹುಲ್ಲಿನಿಂದ ಪಿಕಾಚು ಎದ್ದಿತು. ಅಲ್ಲಿ ನೂರಕ್ಕೆ ಐದು ಸಲ ಮಾತ್ರ ಕಾಣುವಂಥದ್ದು. ಅವನ ಹೆಬ್ಬೆರಳು ನಿಂತಿತು. ಓಡಿಹೋಗುವ ಗುಂಡಿಯ ಮೇಲೇ ಇತ್ತು, ಒತ್ತಲಿಲ್ಲ.

‘ಮಾಮಾ, ಗಡಿಯಾರ ಬಂದ್ ಮಾಡು.’

ಮಾಡಿದೆ. ಮೂರನೇ ಚೆಂಡಿಗೆ ಸಿಕ್ಕಿತು. ಹೆಸರಿಡುವ ಪರದೆ ಬಂತು. ಹೊತ್ತು ಉಳಿಸಲೆಂದು ರನ್ನರುಗಳು ಒಂದೇ ಅಕ್ಷರ ಒತ್ತಿ ದಾಟುವ ಪರದೆ ಅದು. ಅವನು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ, ಊರ ಗುಡ್ಡದ ದೇವರ ಹೆಸರನ್ನು ಬರೆದ. ಕಲಕಪ್ಪ, ಒಂಬತ್ತು ಅಕ್ಷರ.