ಹೆಸರಿನಲ್ಲಿ ವಲಸೆಯನ್ನು ಓದುವುದು: ಕೊಡಗಿನ ಸ್ಥಳನಾಮಗಳು ಮತ್ತು ವೈಕಿಂಗ್ ಮಾದರಿ

ಕೊಡವರ ಮೂಲವನ್ನು ಕುರಿತ ಬರಹಗಳಲ್ಲಿ ಒಂದು ವಾದಸರಣಿ ಮತ್ತೆ ಮತ್ತೆ ತಲೆದೋರುತ್ತದೆ. ಕುಪ್ಯವು ಅರಬರ ನಿಲುವಂಗಿಯನ್ನು ಹೋಲುತ್ತದೆ, ಮೈಕಟ್ಟು ಸುತ್ತಲಿನವರಂತಿಲ್ಲ. ಆದ್ದರಿಂದ ಇವರು ಅರಬರು, ಸಿಥಿಯನ್ನರು ಅಥವಾ ಅಲೆಕ್ಸಾಂಡರನ ಸೈನಿಕರ ಸಂತತಿ ಎಂಬುದು ಆ ಸರಣಿ. ಇದಕ್ಕೆ ಬೆಂಬಲವಾಗಿ ಊರಹೆಸರುಗಳನ್ನೂ ಕಲ್ಗೋರಿಗಳನ್ನೂ ಕರೆತರುವ ರೂಢಿಯನ್ನು ಈ ಟಿಪ್ಪಣಿಯಲ್ಲಿ ಪರಿಶೀಲಿಸುತ್ತೇವೆ. ವಾದದ ತೀರ್ಮಾನಕ್ಕಿಂತ ಅದು ಸಾಕ್ಷ್ಯವನ್ನು ಬಳಸುವ ಬಗೆಯ ಮೇಲೆ ನಮ್ಮ ಆಕ್ಷೇಪವಿದೆ.

ಸ್ಥಳನಾಮದಿಂದ ನೆಲಸಿಕೆಯನ್ನು ಓದುವ ವಿಧಾನವು ಪಕ್ವಗೊಂಡದ್ದು ಇಂಗ್ಲೆಂಡಿನ ವೈಕಿಂಗ್ ನೆಲೆಗಳ ಅಧ್ಯಯನದಲ್ಲಿ. ಅಲ್ಲಿ 'ಬಿ', 'ಥಾರ್ಪ್' ಎಂಬ ಉತ್ತರಪದಗಳು ಸ್ಕ್ಯಾಂಡಿನೇವಿಯದವು. ಗ್ರಿಮ್ಸ್‌ಬಿಯಲ್ಲಿ ಪೂರ್ವಪದವೂ ಅಲ್ಲಿನ ವ್ಯಕ್ತಿನಾಮವೇ. 876ರಲ್ಲಿ ಸೈನ್ಯವು ನಾರ್ತಂಬ್ರಿಯದ ನೆಲವನ್ನು ಹಂಚಿಕೊಂಡಿತೆಂದು ಅಲ್ಲಿನ ವಾರ್ಷಿಕ ವೃತ್ತಾಂತವು ದಾಖಲಿಸಿದೆ. 1086ರ ಡೂಮ್ಸ್‌ಡೇ ದಾಖಲೆಯು ಹೆಸರುಗಳಿಗೆ ಕಾಲದ ಕೆಳಮಿತಿಯನ್ನು ಒದಗಿಸುತ್ತದೆ. ಇಷ್ಟಿದ್ದೂ 1962ರಲ್ಲಿ ಪೀಟರ್ ಸಾಯರ್ ಹೆಸರುಗಳ ಸಂಖ್ಯೆ ಜನರ ಸಂಖ್ಯೆಯ ಅಳತೆಯಲ್ಲವೆಂದು ತಕರಾರು ತೆಗೆದರು. 1965ರಲ್ಲಿ ಕೆನೆತ್ ಕ್ಯಾಮರಾನ್ ಹೆಸರುಗಳನ್ನು ಮಣ್ಣಿನ ಗುಣದೊಡನೆ ಹೋಲಿಸಿ, ಶುದ್ಧ ಸ್ಕ್ಯಾಂಡಿನೇವಿಯನ್ ಹೆಸರುಗಳು ಹೆಚ್ಚಾಗಿ ಎರಡನೆಯ ದರ್ಜೆಯ ನೆಲದಲ್ಲಿವೆಯೆಂದು ತೋರಿಸಿದರು. ನಾವು ಎರವಲು ಪಡೆಯಬೇಕಾದದ್ದು ಈ ಜಗಳದಲ್ಲಿ ಬೆಳೆದ ಶಿಸ್ತನ್ನು.

ಆ ಶಿಸ್ತಿನ ಮೊದಲ ಪ್ರಶ್ನೆ ಉತ್ತರಪದಗಳದ್ದು. ಕೊಡಗಿನಲ್ಲಿ ಊರು, ನಾಡು, ಕೇರಿ, ಮಲೆ, ಪಾರೆ, ತೊರೆ ಎಲ್ಲವೂ ದ್ರಾವಿಡ. ಗ್ರೀಕ್, ಅರಬಿ ಅಥವಾ ಇರಾನೀ ಮೂಲದ ಒಂದೇ ಒಂದು ಉತ್ತರಪದವನ್ನೂ ಈ ವಾದದವರು ಸರಣಿಯಾಗಿ ತೋರಿಸಿಲ್ಲ. ಬಂದವರು ಸ್ಥಳೀಯ ಭಾಷೆಗೆ ಹೊರಳಿದ್ದರಿಂದ ಕುರುಹು ಅಳಿಯಿತೆಂಬ ಸಮಾಧಾನವೂ ಸುಲಭವಾಗಿ ನಿಲ್ಲದು. ನಾರ್ಮಂಡಿಯಲ್ಲಿ ನೆಲಸಿದ ನಾರ್ಸ್ ಜನರು ಕೆಲವೇ ತಲೆಮಾರುಗಳಲ್ಲಿ ಫ್ರೆಂಚಿಗೆ ಹೊರಳಿದರು. ಆದರೂ ಈವ್‌ಟೊ, ಕೋದ್‌ಬೆಕ್ ಮುಂತಾದ ಹೆಸರುಗಳಲ್ಲಿ ಅವರ ನುಡಿ ಉಳಿದಿದೆ. ಸಣ್ಣದೊಂದು ಗುಂಪು ಬಂದು ಕರಗಿತೆನ್ನುವ ಸಾಧ್ಯತೆಯನ್ನು ಇದು ಅಲ್ಲಗಳೆಯುವುದಿಲ್ಲ, ನಿಜ. ಆದರೆ ಹಾಗೆ ಹೇಳುವವರು ಸ್ಥಳನಾಮಗಳನ್ನು ಸಾಕ್ಷಿಗೆ ಕರೆಯುವಂತಿಲ್ಲ.

ಕಲ್ಗೋರಿಗಳ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ವಿರಾಜಪೇಟೆಯ ಸುತ್ತ, ಸೋಮವಾರಪೇಟೆಯ ದೊಡ್ಡಮಳ್ತೆಯಲ್ಲಿ ಇರುವ ಬೃಹತ್ ಶಿಲಾ ಸಮಾಧಿಗಳು ದಕ್ಷಿಣ ಭಾರತದಾದ್ಯಂತ ಹರಡಿರುವ ಕಬ್ಬಿಣಯುಗದ ಸಂಸ್ಕೃತಿಗೆ ಸೇರಿದವು. ಕೊಡಗಿನಲ್ಲಿ ಇವಕ್ಕೆ ಪಾಂಡುಪಾರೆ ಎಂಬ ಹೆಸರಿದೆ. ಕೊಪ್ಪಳದ ಹಿರೇಬೆಣಕಲ್ಲಿನಲ್ಲಿ ಇಂಥವೇ ಗೋರಿಗಳ ಬೆಟ್ಟ ಮೋರ್ಯರ ಗುಡ್ಡ. ಮೊದಲನೆಯದರಿಂದ ಪಾಂಡವರನ್ನಾಗಲಿ, ಎರಡನೆಯದರಿಂದ ಮೌರ್ಯರನ್ನಾಗಲಿ ಹೊರತೆಗೆಯಲಾಗದು. ಕಟ್ಟಿದವರು ಮರೆತುಹೋದ ಮೇಲೆ ಕಂಡವರು ಇಟ್ಟ ಹೆಸರುಗಳಿವು. ಗೋರಿಯ ಕಾಲಕ್ಕಲ್ಲ, ಹೆಸರಿಟ್ಟವರ ಕಲ್ಪನೆಗೆ ಸಾಕ್ಷಿ.

ಹೆಸರೂ ನೆಲದ ಕುರುಹೂ ಒಂದಕ್ಕೊಂದು ನಿಜವಾಗಿ ಒದಗುವ ಒಂದು ಸಂದರ್ಭ ಕೊಡಗಿನಲ್ಲಿದೆ. ಮೂಲಚರ್ಚೆಯ ಬರಹಗಳು ಅದನ್ನು ಬಹುಪಾಲು ಬದಿಗಿಟ್ಟಿರುವುದು ಸೋಜಿಗ. ಕಡಂಗವೆಂದರೆ ಬೆಟ್ಟದ ಏಣುಗಳಲ್ಲಿ, ಕಾಡಿನಲ್ಲಿ ಮೈಲಿಗಟ್ಟಲೆ ಸಾಗುವ ಕಂದಕ ಮತ್ತು ಮಣ್ಣಿನ ಏರಿ. ವಿರಾಜಪೇಟೆಯ ಬಳಿ ಕಡಂಗ ಎಂಬ ಊರೇ ಇದೆ. ಶಕ 809ರ, ಅಂದರೆ ಕ್ರಿ.ಶ. 888ರ ಬಿಳಿಯೂರು ಶಾಸನವು ಗಂಗರ ಕಾಲದ್ದು, ಬಿ. ಎಲ್. ರೈಸ್ 1886ರಲ್ಲಿ ಪ್ರಕಟಿಸಿದ ಕೊಡಗಿನ ಶಾಸನ ಸಂಪುಟದಲ್ಲಿ ಸೇರಿದೆ. ಬಿಳಿಯೂರಿನ ಹನ್ನೆರಡು ಹಳ್ಳಿಗಳನ್ನು ದತ್ತಿಯಾಗಿ ಪಡೆದ ಜಿನಾಲಯದ ನೆಲೆಯನ್ನು ಅದು ಪೆನ್ನೆಗಡಂಗ ಎಂದು ಹೆಸರಿಸುತ್ತದೆ. ಕಡಂಗ ಎಂಬ ಪದವು ಒಂಬತ್ತನೆಯ ಶತಮಾನದಲ್ಲೇ ಊರಹೆಸರಾಗಿ ನೆಲೆಗೊಂಡಿತ್ತೆಂದ ಮೇಲೆ, ಕಂದಕಗಳೆಲ್ಲ ಹಾಲೇರಿ ಅರಸರ ಕಾಲದವೆಂದು ಹೇಳುವಂತಿಲ್ಲ. ಕೆಲವಾದರೂ ಅದಕ್ಕಿಂತ ಏಳುನೂರು ವರ್ಷ ಹಿಂದಿನವು. ಅಗೆತ ಎಲ್ಲಿಂದ ತೊಡಗಬೇಕೆಂದು ಪುರಾತತ್ತ್ವಕ್ಕೆ ಹೆಸರು ಸೂಚಿಸುವ ಬಗೆ ಇದು.

ಇನ್ನೊಂದು ಕುರುಹು ಧ್ವನಿಯದು. ಪದಾದಿಯ ಪಕಾರವು ಕನ್ನಡದಲ್ಲಿ ಸುಮಾರು 10ನೇ ಶತಮಾನದಿಂದ 14ನೇ ಶತಮಾನದವರೆಗೆ ಹಕಾರವಾಯಿತು. ಕೊಡವ ತಕ್ಕ್ ಅದನ್ನು ಉಳಿಸಿಕೊಂಡಿತು. ಕನ್ನಡದ ಹೊನ್ನು ಕೊಡವದಲ್ಲಿ ಪೊನ್ನ್. ಮಡಿಕೇರಿ ತಾಲ್ಲೂಕಿನಲ್ಲಿ ಪೇರೂರು ಇದ್ದರೆ ಸುಂಟಿಕೊಪ್ಪದ ಕಡೆಗೆ ಹೇರೂರು ಇದೆ. ಎರಡೂ 'ದೊಡ್ಡ ಊರು' ಎಂಬ ಒಂದೇ ರಚನೆಯವೆಂದು ನಾವು ತಿಳಿಯುತ್ತೇವೆ. (ಪೇಟೆ ಈ ಬದಲಾವಣೆಯ ನಂತರ ಬಂದ ಪದವಾದ್ದರಿಂದ 1792ರಲ್ಲಿ ಹುಟ್ಟಿದ ವಿರಾಜಪೇಟೆ ಇಲ್ಲಿ ಏನನ್ನೂ ಹೇಳದು.) ಆದರೆ ಹಕಾರ ಕಂಡಲ್ಲೆಲ್ಲ ಊರನ್ನು ಕಟ್ಟಿದವರು ಕನ್ನಡಿಗರೆನ್ನಬಾರದು. ಯಾರ್ಕ್‌ಶೈರಿನ ಸ್ಕಿಪ್ಟನ್ ಎಂಬುದು 'ಕುರಿಯ ಊರು' ಎಂಬ ಇಂಗ್ಲಿಷ್ ಹೆಸರೇ; ಸ್ಕ್ಯಾಂಡಿನೇವಿಯನ್ ನಾಲಗೆಯಲ್ಲಿ ಶಕಾರ ಸ್ಕಕಾರವಾಯಿತು, ಅಷ್ಟೇ. ಧ್ವನಿಯು ಹೆಸರನ್ನು ಮುಂದಕ್ಕೆ ಸಾಗಿಸಿದವರನ್ನು ತೋರಿಸುತ್ತದೆ, ಇಟ್ಟವರನ್ನಲ್ಲ.

ಕೊಡಗಿನಲ್ಲಿ ಇನ್ನೂ ಒಂದು ತೊಡಕಿದೆ. ಹಾಲೇರಿ ಅರಸರ ಆಡಳಿತ ಕನ್ನಡದಲ್ಲಿತ್ತು. 1834ರ ನಂತರ ಬ್ರಿಟಿಷರ ಕೆಳಹಂತದ ಕಚೇರಿಗಳೂ ಕನ್ನಡವನ್ನೇ ಬಳಸಿದವು. ಕಂದಾಯದ ಪುಸ್ತಕದಲ್ಲಿರುವುದು ಶಾನುಭೋಗರ ಕಿವಿಗೆ ಒಗ್ಗಿದ ರೂಪ. ಅಪ್ಪಟ ಕೊಡವ ನೆಲದಲ್ಲಿರುವ ಹುದಿಕೇರಿಯ ಹಕಾರ ಆಡುವವರ ಬಾಯಿಯದೋ ಬರೆದವರ ಲೇಖನಿಯದೋ ಎಂಬುದನ್ನು ನಕ್ಷೆಯ ಮುಂದೆ ಕುಳಿತು ತೀರ್ಮಾನಿಸಲಾಗದು. ಕೊಡವದಲ್ಲಿರುವ, ಕನ್ನಡ ಲಿಪಿಗೆ ದಕ್ಕದ ಮಧ್ಯಸ್ವರಗಳನ್ನು ಎಮೆನೋ ವಿವರಿಸಿ ದಶಕಗಳೇ ಕಳೆದಿವೆ. ಹೆಸರಿನ ಪಟ್ಟಿಗಳು ಇಂದಿಗೂ ಅವನ್ನು ಗುರುತಿಸುವುದಿಲ್ಲ. 2011ರ ಜನಗಣತಿಯಲ್ಲಿ ಕೊಡವವನ್ನು ತಾಯ್ನುಡಿಯೆಂದವರು ಸುಮಾರು 1.13 ಲಕ್ಷ. ಗದ್ದೆ, ಬಾಣೆ, ತೊರೆಗಳ ಹೆಸರನ್ನು ಬಲ್ಲವರು ಅವರಲ್ಲೂ ಹಿರಿಯರು ಮಾತ್ರ. ಈ ಕ್ಷೇತ್ರದಲ್ಲಿ ಪ್ರಬಂಧ ಬರೆಯಲು ಹೊರಟವರು ಮೊದಲು ಒಂದು ನಾಡನ್ನು ಆರಿಸಿ, ಅಲ್ಲಿನ ಪ್ರತಿ ಹೆಸರಿನ ಎದುರು ಬರೆದ ರೂಪ, ಅಜ್ಜಿಯ ಬಾಯಿಯ ರೂಪ, ಮೊಮ್ಮಗಳ ಬಾಯಿಯ ರೂಪ ಈ ಮೂರನ್ನೂ ದಾಖಲಿಸಲಿ. ಅಲೆಕ್ಸಾಂಡರನ ವಿಚಾರವನ್ನು ಆಮೇಲೆ ನೋಡಬಹುದು.