ಕೇಳ್ತಾ ಕೇಳ್ತಾ ಕಂಡದ್ದು

ನಾನಾಗ ಏಳನೇ ಇಯತ್ತೆಯಲ್ಲಿದ್ದೆ. ಧಾರವಾಡದ ನಮ್ಮ ಓಣಿಯ ಮಾಸ್ತರರು ಅಹೋರಾತ್ರಿ ಸಂಗೀತಕ್ಕೆ ನನ್ನನ್ನು ಕರಕೊಂಡು ಹೋಗಿದ್ದರು. ರಾತ್ರಿಯ ಮುಕ್ಕಾಲು ಭಾಗವನ್ನು ಜಮಖಾನೆಯ ಮೇಲೆ ನಿದ್ದೆಯಲ್ಲೇ ಕಳೆದೆ. ಬೆಳಗಿನ ಚಹಾ ಆಗಿ, ತಂಬೂರಿಯ ಶ್ರುತಿ ಮತ್ತೊಮ್ಮೆ ಸರಿಯಾಗಿ, ತೋಡಿ ರಾಗ ಶುರುವಾದಾಗ ಮಾತ್ರ ಎಚ್ಚರವಿದ್ದೆ. ಗಾಯಕರು ಕೋಮಲ ಗಾಂಧಾರದ ಮೇಲೆ ನಿಂತರು, ಇಳಿದರು, ತಿರುಗಿ ಅಲ್ಲಿಗೇ ಬಂದು ನಿಂತರು. ಆ ಏರಿಳಿತದಲ್ಲಿ ನನಗೆ ಅಜ್ಜಿಯ ಊರಿನ ಬಾವಿ ಕಂಡಿತು. ರಾಟೆಯ ಕಿರಕಿರ, ಒದ್ದೆ ಹಗ್ಗ, ಕೊಡ ಇನ್ನೇನು ನೀರಿಗೆ ತಾಗಬೇಕು ಅನ್ನುವ ಆ ಗಳಿಗೆ.

ಮನೆಗೆ ಬರುವ ದಾರಿಯಲ್ಲಿ ಹೇಳಿದೆ: "ಮಾಸ್ತರ, ತೋಡಿಯೊಳಗ ನನಗ ಬಾವಿ ಕಂಡ್ತ್ರಿ."

ಅವರು ನಿಂತರು. "ಹಾಡಕಿ ಕೇಳ್ಲಿಕ್ಕೆ ಬಂದಿದ್ಯೋ, ಸಿನೆಮಾ ನೋಡ್ಲಿಕ್ಕೆ ಬಂದಿದ್ಯೋ? ನೋಡಬ್ಯಾಡೋ ತಮ್ಮಾ. ಕೇಳು."

ಆ ಮಾತನ್ನು ನಾನು ನಲವತ್ತು ವರ್ಷ ಪಾಲಿಸಿದೆ. ಸ್ವರ ಕೇಳಬೇಕು, ಶ್ರುತಿ ಕೇಳಬೇಕು, ಬಂದಿಶ್ ಹೇಗೆ ಸಮ್‌ಗೆ ಬಂದು ಕೂಡುತ್ತದೆ ಅನ್ನುವುದನ್ನು ಕೇಳಬೇಕು. ಕಣ್ಣ ಮುಂದೆ ಕಾಡು, ಮಳೆ, ಹೊಳೆ ಬಂದರೆ ಅದು ಹಗುರ ಕೇಳುಗನ ಲಕ್ಷಣ. ಈ ಅಂಕಣದಲ್ಲೇ ಅಂಥವರನ್ನು ನಾಲ್ಕಾರು ಸಲ ಗೇಲಿ ಮಾಡಿದ್ದೇನೆ. ಈ ವಾರ ಆ ಗೇಲಿಯನ್ನು ಅರ್ಧದಷ್ಟು ವಾಪಸು ತೆಗೆದುಕೊಳ್ಳಬೇಕಾಗಿದೆ. ಕಾರಣ, ಅಮೆರಿಕದ ಒಬ್ಬ ಪಿಟೀಲುವಾದಕಿ.

ಹೆಲೆನ್ ಬಾನಿ ಹುಟ್ಟಿದ್ದು 1921ರಲ್ಲಿ. ಓಬರ್ಲಿನ್‌ನ ಸಂಗೀತ ಶಾಲೆಯಲ್ಲಿ ಪಿಟೀಲು ಕಲಿತವರು. 1940ರ ದಶಕದ ಕೊನೆಯಲ್ಲಿ ಚರ್ಚೊಂದರ ಸಭೆಯಲ್ಲಿ ಫ್ರೆಂಚ್ ಸಂಗೀತಗಾರ ಸ್ಯಾಂ ಸಾನ್ಸ್ ಬರೆದ 'ಹಂಸ' ಎಂಬ ಪುಟ್ಟ ಕೃತಿಯನ್ನು ನುಡಿಸುತ್ತಿದ್ದರು. ನಡುವೆ ಏನೋ ಆಯಿತು. ಪಿಟೀಲಿನ ನಾದ ಇದ್ದಕ್ಕಿದ್ದಂತೆ ಬೇರೆಯಾಯಿತು, ಅಷ್ಟು ಚೆಲುವಾದ ಧ್ವನಿ ತನ್ನ ಕೈಯಿಂದ ಬರುತ್ತಿದೆ ಅನ್ನುವುದನ್ನೇ ಅವರಿಗೆ ನಂಬಲಾಗಲಿಲ್ಲ. ನುಡಿಸಿ ಮುಗಿದ ಮೇಲೆ ಮೈ ನಡುಗುತ್ತಿತ್ತು. ನಮ್ಮಲ್ಲಾದರೆ 'ಸ್ವರ ಹತ್ತಿತು' ಎಂದು ಹೇಳಿ ಸುಮ್ಮನಾಗುತ್ತಿದ್ದೆವು. ಬಾನಿ ಸುಮ್ಮನಾಗಲಿಲ್ಲ. ಮುಂದೆ ಸ್ವಂತ ಮನಸ್ಸಿನ ಕಷ್ಟಕ್ಕೆಂದು ಮನೋವೈದ್ಯರ ಹತ್ತಿರ ಹೋದರು, ಅಲ್ಲಿ ಕಣ್ಣು ಮುಚ್ಚಿ ಮಲಗಿ ಸಂಗೀತ ಕೇಳಿದಾಗ ಒಳಗಿನಿಂದ ಚಿತ್ರಗಳು ಏಳುವುದನ್ನು ಕಂಡರು. ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಸಂಗೀತ ಚಿಕಿತ್ಸೆ ಓದಿದರು.

ಅಲ್ಲಿಂದ ಅವರು ಹೋದ ಜಾಗ ವಿಚಿತ್ರವಾದದ್ದು. ಬಾಲ್ಟಿಮೋರ್ ಹತ್ತಿರದ ಮೇರಿಲ್ಯಾಂಡ್ ಮನೋವೈದ್ಯಕೀಯ ಸಂಶೋಧನಾ ಕೇಂದ್ರ. ಆ ಕಾಲದಲ್ಲಿ ಅಲ್ಲಿ ಸ್ಟಾನಿಸ್ಲಾವ್ ಗ್ರೋಫ್, ವಾಲ್ಟರ್ ಪಾನ್ಕೆ ಮೊದಲಾದ ವೈದ್ಯರು ಎಲ್‌ಎಸ್‌ಡಿ ಎಂಬ ಭ್ರಮಾಜನಕ ಔಷಧ ಕೊಟ್ಟು ಮನೋಚಿಕಿತ್ಸೆ ಮಾಡುವ ಪ್ರಯೋಗ ನಡೆಸುತ್ತಿದ್ದರು. ಮದ್ಯವ್ಯಸನಿಗಳು, ಸಾವಿನ ಹೊಸ್ತಿಲಲ್ಲಿದ್ದ ಕ್ಯಾನ್ಸರ್ ರೋಗಿಗಳು ಕಣ್ಣಿಗೆ ಪಟ್ಟಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ದಿನವಿಡೀ ಮಲಗಿರುತ್ತಿದ್ದರು. ಆ ಹೆಡ್‌ಫೋನಿನಲ್ಲಿ ಯಾವ ಹೊತ್ತಿಗೆ ಏನು ಕೇಳಿಸಬೇಕು ಎನ್ನುವುದು ಬಾನಿಯವರ ಕೆಲಸ. ಅವರೂ ಪಾನ್ಕೆಯವರೂ ಸೇರಿ ಬರೆದು 1972ರಲ್ಲಿ ಪ್ರಕಟವಾದ ಲೇಖನದಲ್ಲಿ ಇಡೀ ಪ್ರಯೋಗವನ್ನು ಆರು ಹಂತಗಳಾಗಿ ಒಡೆದು, ಪ್ರತಿ ಹಂತಕ್ಕೂ ತಕ್ಕ ಸಂಗೀತ ಯಾವುದೆಂದು ವಿವರಿಸಿದ್ದಾರೆ. ಬೈಠಕ್ಕಿನಲ್ಲಿ ಯಾವ ರಾಗದ ನಂತರ ಯಾವುದು ಅಂತ ತೂಗಿ ನೋಡುವ ನಮ್ಮ ಗಾಯಕರಿಗೆ ಈ ಲೆಕ್ಕಾಚಾರ ಹೊಸದೇನಲ್ಲ.

ಅಮೆರಿಕದ 1970ರ ಕಾನೂನು ಎಲ್‌ಎಸ್‌ಡಿಯನ್ನು ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿತು, ಸಂಶೋಧನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಷ್ಟರಲ್ಲಿ ಬಾನಿಯವರಿಗೆ ಒಂದು ಸಂಗತಿ ಗೊತ್ತಾಗಿತ್ತು. ಔಷಧ ಇಲ್ಲದೆಯೂ, ಮೈ ಸಡಿಲಿಸಿ ಮಲಗಿದವನಿಗೆ ಸರಿಯಾದ ಸಂಗೀತ ಕೇಳಿಸಿದರೆ ಚಿತ್ರಗಳು ಬರುತ್ತವೆ. ದಿನವಿಡೀ ಬೇಡ, ಮುಕ್ಕಾಲು ಗಂಟೆ ಸಾಕು. ಹೀಗೆ ಹುಟ್ಟಿದ್ದು 'ಗೈಡೆಡ್ ಇಮೇಜರಿ ಅಂಡ್ ಮ್ಯೂಸಿಕ್'.

ಒಂದು ಸರದಿ ಸುಮಾರು ಒಂದೂವರೆ, ಎರಡು ಗಂಟೆ. ಮೊದಲು ಮಾತುಕತೆ: ಹೋದ ವಾರ ಹೇಗಿತ್ತು, ಮನಸ್ಸಿನಲ್ಲಿ ಏನು ಕೂತಿದೆ. ಆಮೇಲೆ ಮಲಗಿಸಿ, ಕೈಕಾಲು ಸಡಿಲ ಮಾಡಿಸಿ, ಹೊರಡಲಿಕ್ಕೆ ಒಂದು ಚಿತ್ರ ಕೊಡುತ್ತಾರೆ. ಒಂದು ಹುಲ್ಲುಗಾವಲು, ಒಂದು ದಾರಿ, ಅಥವಾ ಮಾತಿನ ನಡುವೆ ಆ ವ್ಯಕ್ತಿಯೇ ಆಡಿದ ಒಂದು ಶಬ್ದ. ಹುಲ್ಲುಗಾವಲಿನದು ಹಳೆಯ ಯುಕ್ತಿ. ಜರ್ಮನಿಯಲ್ಲಿ ಹಾನ್ಸ್‌ಕಾರ್ಲ್ ಲಾಯ್ನರ್ ಎಂಬ ಮನೋವೈದ್ಯರು 1950ರ ದಶಕದಲ್ಲೇ ಹುಲ್ಲುಗಾವಲು, ತೊರೆ, ಬೆಟ್ಟ, ಮನೆ, ಕಾಡಿನ ಅಂಚು ಮೊದಲಾದ ಚಿತ್ರಗಳಿಂದ ಒಂದು ಇಡೀ ಚಿಕಿತ್ಸಾ ಕ್ರಮವನ್ನೇ ಕಟ್ಟಿದ್ದರು. ಬಾನಿ ಅದರೊಳಗೆ ಸಂಗೀತವನ್ನು ಹರಿಯಬಿಟ್ಟರು.

ಸಂಗೀತ ಶುರುವಾದ ಮೇಲೆ ಮಲಗಿದವನು ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಆತನಿಗೆ ರೋಗಿ ಅನ್ನುವುದಿಲ್ಲ, ಟ್ರಾವೆಲರ್ ಅನ್ನುತ್ತಾರೆ, ಪಯಣಿಗ. ಪಕ್ಕದಲ್ಲಿ ಕೂತ ಗೈಡ್ ಅದನ್ನೆಲ್ಲ ಬರೆದುಕೊಳ್ಳುತ್ತಾ ಆಗೊಂದು ಈಗೊಂದು ಪ್ರಶ್ನೆ ಕೇಳುತ್ತಾರೆ. ಪಯಣಿಗ "ಒಂದು ಬಾಗಿಲಿದೆ, ಮುಚ್ಚಿದೆ" ಅಂದ ಎನ್ನಿ. ನಾವಾದರೆ "ತೆಗೆಯಪ್ಪಾ" ಅನ್ನುತ್ತೇವೆ. ಗೈಡ್ ಹಾಗನ್ನುವುದಿಲ್ಲ. "ಬಾಗಿಲು ಹೇಗಿದೆ?" ಅನ್ನುತ್ತಾರೆ. "ಮುಂದೆ ನಿಂತಾಗ ಏನನ್ನಿಸುತ್ತಿದೆ?" ಅನ್ನುತ್ತಾರೆ. ಅವನು ಮುಕ್ಕಾಲು ಗಂಟೆಯೂ ಆ ಬಾಗಿಲ ಮುಂದೆಯೇ ನಿಂತು, ತೆಗೆಯದೆ ವಾಪಸು ಬಂದರೂ ಅದು ಸೋಲಲ್ಲ. ಮುಂದಿನ ಸರದಿಯಲ್ಲಿ ಬಾಗಿಲು ಅರೆ ತೆರೆದಿರಬಹುದು, ಇಲ್ಲವೇ ಬಾಗಿಲೇ ಇರದೆ ಬರೀ ಚೌಕಟ್ಟು ಉಳಿದಿರಬಹುದು. ತಾಯಿ ಸತ್ತು ಹತ್ತು ವರ್ಷವಾದರೂ ಆ ಬಗ್ಗೆ ಒಂದು ಮಾತು ಹೊರಡದವನಿಗೆ ಬಾಗಿಲಿನ ಬಗ್ಗೆ ಮಾತಾಡುವುದು ಸುಲಭ. ಸಂಗೀತ ಮುಗಿದ ಮೇಲೆ ಕಾಗದದ ಮೇಲಿನ ಒಂದು ವೃತ್ತದೊಳಗೆ ಬಣ್ಣದಲ್ಲಿ ಏನನ್ನಾದರೂ ಬಿಡಿಸುತ್ತಾರೆ. ಕಂಡದ್ದಕ್ಕೂ ಬದುಕಿಗೂ ಏನು ಸಂಬಂಧ ಅನ್ನುವ ಮಾತು ಬರುವುದು ಅದಾದ ಮೇಲೆ.

ತಬಲಾ ಸಾಥಿಯಂತೆ ಈ ಗೈಡ್ ಕೆಲಸ. ಒಳ್ಳೆಯ ಸಾಥಿ ಎಷ್ಟು ನುಡಿಸುವುದಿಲ್ಲ ಅನ್ನುವುದರ ಮೇಲೆ ಅವನ ತೂಕ.

ರಸಿಕನಾಗಿ ನನ್ನ ಬಾಯಲ್ಲಿ ನೀರೂರಿದ್ದು ಬಾನಿಯವರು ಕಟ್ಟಿದ ಸಂಗೀತದ ಪಟ್ಟಿಗಳನ್ನು ನೋಡಿ. ಒಂದರ ಹೆಸರು 'ಪೀಕ್ ಎಕ್ಸ್‌ಪೀರಿಯನ್ಸ್'. ಶುರುವಿಗೆ ಬೆಥೋವನ್‌ನ ಐದನೆಯ ಪಿಯಾನೋ ಕಂಚರ್ಟೋದ ನಡುವಿನ ನಿಧಾನ ಭಾಗ. ಪಿಟೀಲುಗಳಿಗೆಲ್ಲ ಮ್ಯೂಟ್ ಹಾಕಿ, ಪಕ್ಕದ ಕೋಣೆಯಲ್ಲಿ ಯಾರೋ ಪ್ರಾರ್ಥಿಸುತ್ತಿದ್ದಾರೆ ಎಂಬಂತೆ ನುಡಿಸುತ್ತಾರೆ. ಆಮೇಲೆ ಪಿಯಾನೋ ಮೇಲಿನಿಂದ ಮೆಲ್ಲಗೆ ಮೆಟ್ಟಿಲಿಳಿದು ಬರುತ್ತದೆ. ನಂತರ ವಿವಾಲ್ಡಿಯ 'ಗ್ಲೋರಿಯಾ'ದಿಂದ ಒಂದು ತುಣುಕು, ಬಾಖ್‌ನ ಆರ್ಗನ್ ಕೃತಿಯೊಂದರ ಅಡಾಜಿಯೋ, ಫೋರೆಯ 'ರೆಕ್ವಿಯಮ್'ನ ಕೊನೆಯ ಹಾಡು, ಕಟ್ಟಕಡೆಗೆ ವಾಗ್ನರ್‌ನ 'ಲೋಹೆನ್‌ಗ್ರಿನ್' ಪೀಠಿಕೆ. ಹಾಡುಗಳೆಲ್ಲ ಲ್ಯಾಟಿನ್‌ನಲ್ಲಿವೆ. ಇಂಗ್ಲಿಷ್ ಬಲ್ಲ ಪಯಣಿಗನಿಗೆ ಅರ್ಥ ಅಡ್ಡ ಬರುವುದಿಲ್ಲ, ಮನುಷ್ಯರ ಕಂಠವಷ್ಟೇ ಜೊತೆಗಿರುತ್ತದೆ.

ಆ ಲೋಹೆನ್‌ಗ್ರಿನ್ ಪೀಠಿಕೆಯನ್ನು ಒಮ್ಮೆ ಕೇಳಿ. ಪಿಟೀಲುಗಳನ್ನು ಗುಂಪು ಗುಂಪಾಗಿ ಒಡೆದು, ಕಿವಿಗೆ ಎಟುಕುವುದೋ ಇಲ್ಲವೋ ಎನ್ನುವಷ್ಟು ತಾರದಲ್ಲಿ ಶುರು ಮಾಡುತ್ತಾನೆ ವಾಗ್ನರ್. ಅಲ್ಲಿಂದ ಒಂದೊಂದೇ ವಾದ್ಯ ಸೇರಿಸುತ್ತಾ ಕೆಳಗಿಳಿಯುತ್ತಾನೆ, ಇಳಿದಂತೆಲ್ಲ ತುಂಬುತ್ತಾನೆ, ಹಿತ್ತಾಳೆ ವಾದ್ಯಗಳು ಭೋರ್ಗರೆದ ಮೇಲೆ ಮತ್ತೆ ಎಲ್ಲವನ್ನೂ ಬಿಚ್ಚುತ್ತಾ ಅದೇ ಎತ್ತರಕ್ಕೆ ಕರೆದೊಯ್ದು ಬಿಡುತ್ತಾನೆ. ಮಂದ್ರದಿಂದ ತಾರಕ್ಕೆ ಏರುವ ಆಲಾಪಿಯಲ್ಲಿ ಪಳಗಿದ ನನ್ನ ಕಿವಿಗೆ ಇದು ತಲೆಕೆಳಗಾದ ಮೆಟ್ಟಿಲು. ಮೂರನೆಯ ಸಲ ಕೇಳುವಾಗ, ಮಾಸ್ತರರ ಮಾತು ಮೀರಿ, ಕಣ್ಣ ಮುಂದೆ ಬಂದದ್ದನ್ನು ತಡೆಯದೆ ಬಿಟ್ಟೆ. ಏನು ಬಂತು ಅಂತ ಬರೆಯುವುದಿಲ್ಲ. ಬಾವಿಯಂತೂ ಅಲ್ಲ.

ಇನ್ನೊಂದು ಪಟ್ಟಿಯಲ್ಲಿ ಸ್ಯಾಮ್ಯುಯೆಲ್ ಬಾರ್ಬರ್‌ನ ತಂತಿವಾದ್ಯಗಳ ಅಡಾಜಿಯೋ ಇದೆ. ದುಃಖವನ್ನು ಹಿಂಡಿ ಹಿಂಡಿ ಮೇಲಕ್ಕೆ ಏರಿಸಿ, ಇನ್ನು ಸಹಿಸಲಾಗದು ಎನ್ನುವ ಹಂತದಲ್ಲಿ ಥಟ್ಟನೆ ನಿಲ್ಲಿಸಿಬಿಡುತ್ತಾನೆ. ಮೌನ. ಆಮೇಲೆ ತಗ್ಗಿದ ದನಿಯಲ್ಲಿ ಒಂದೆರಡು ಉಸಿರು. ಅಳು ತಡೆದುಕೊಂಡವನಿಗೆ ಆ ಮೌನದಲ್ಲಿ ಜಾಗ ಸಿಗುತ್ತದೆ. 'ಒತ್ತಡ ಕಳೆಯುವ ಸಂಗೀತ' ಅಂತ ಮೊಬೈಲಿನಲ್ಲಿ ಸಿಗುತ್ತದಲ್ಲ, ಕೊಳಲಿನ ಹಿಂದೆ ನೀರಿನ ಸದ್ದು ಜೋಡಿಸಿದ್ದು, ಅದರಲ್ಲಿ ಇಂಥ ಏರೂ ಇಲ್ಲ, ನಿಲುಗಡೆಯೂ ಇಲ್ಲ. ನಿದ್ದೆ ಬರಿಸಲಿಕ್ಕೆ ಅಡ್ಡಿಯಿಲ್ಲ. ಮನಸ್ಸಿನಲ್ಲಿ ಹೂತದ್ದು ಮೇಲೆ ಬರಬೇಕಾದರೆ ಸಂಗೀತಕ್ಕೆ ಅದನ್ನು ಎತ್ತುವ ಕಸುವೂ, ಎತ್ತಿದ್ದನ್ನು ಹಿಡಿದುಕೊಳ್ಳುವ ತಾಳ್ಮೆಯೂ ಬೇಕು.

ಇಷ್ಟು ಬರೆದ ಮೇಲೆ ವಾಟ್ಸಾಪಿನಲ್ಲಿ ತಿಂಗಳಿಗೊಮ್ಮೆ ಬರುವ ಆ ಪಟ್ಟಿಯ ಮಾತು ಎತ್ತದೆ ಇರಲಾರೆ. ರಕ್ತದೊತ್ತಡಕ್ಕೆ ಈ ರಾಗ, ಸಕ್ಕರೆ ಕಾಯಿಲೆಗೆ ಆ ರಾಗ, ಅಜೀರ್ಣಕ್ಕೆ ಇನ್ನೊಂದು. ರಾಗವೇನು ಗುಳಿಗೆಯೇ, ಊಟವಾದ ಮೇಲೆ ಎರಡು ನುಂಗಲಿಕ್ಕೆ? ಕೇಳುವವನು ಯಾರು, ಅವನು ಏನನ್ನು ಹೊತ್ತು ತಂದಿದ್ದಾನೆ ಎನ್ನುವುದಕ್ಕೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ನಮ್ಮ ಪರಂಪರೆಯಲ್ಲಿ ರಾಗಕ್ಕೆ ಚಿತ್ರ ಕೊಟ್ಟದ್ದುಂಟು. ಸೋಮನಾಥ 1609ರಲ್ಲಿ ಬರೆದ 'ರಾಗವಿಬೋಧ'ದಲ್ಲಿ ರಾಗಗಳ ಧ್ಯಾನಶ್ಲೋಕಗಳಿವೆ, ರಾಗಮಾಲಾ ಚಿತ್ರಗಳಲ್ಲಿ ತೋಡಿ ಎಂದರೆ ವೀಣೆ ಹಿಡಿದ ಹೆಣ್ಣು, ನಾದಕ್ಕೆ ಮರುಳಾಗಿ ಬಂದ ಜಿಂಕೆಗಳು. ಚೆಲುವಾದ ಚಿತ್ರ. ಆದರೆ ಅದು ಕವಿ ಕಂಡದ್ದು, ಚಿತ್ರಕಾರ ಬಿಡಿಸಿದ್ದು, ನಾವು ಒಪ್ಪಿಕೊಂಡದ್ದು. ಬಾನಿಯವರ ಕೋಣೆಯಲ್ಲಿ ಜಿಂಕೆಯನ್ನು ಯಾರೂ ಕೊಡುವುದಿಲ್ಲ. ಬಾವಿ ಕಂಡವನಿಗೆ ಬಾವಿ.

ಬಾನಿಯವರ ಈ ಪದ್ಧತಿಯಿಂದ ಉಪಯೋಗ ಎಷ್ಟು? 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 28 ಆರೋಗ್ಯವಂತ ವಯಸ್ಕರನ್ನು ತೆಗೆದುಕೊಂಡು, ಕೆಲವರಿಗೆ ಎರಡು ವಾರಕ್ಕೊಂದರಂತೆ ಆರು ಸರದಿ ಮಾಡಿದ್ದರು. ಅವರಲ್ಲಿ ಖಿನ್ನತೆ, ದಣಿವು ತಗ್ಗಿದವು. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಕೂಡ ಇಳಿಯಿತು. 28 ಎಂದರೆ ಸಣ್ಣ ಸಂಖ್ಯೆ. ಅಷ್ಟನ್ನು ಹಿಡಿದು ಡಂಗುರ ಸಾರುವಂತಿಲ್ಲ.

ಅಪಾಯವೂ ಇದೆ. ಇಲ್ಲದ ದನಿಗಳು ಕೇಳುವವರಿಗೆ, ಭ್ರಮೆಗೂ ವಾಸ್ತವಕ್ಕೂ ಗೆರೆ ಅಳಿಸಿಹೋದವರಿಗೆ ಈ ಪಯಣ ತಕ್ಕದ್ದಲ್ಲ. ಕಂಡದ್ದನ್ನೆಲ್ಲ ನಡೆದದ್ದು ಅಂತ ನಂಬುವುದೂ ತಪ್ಪು. ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ ಮತ್ತು ಜೊತೆಗಾರರು 1996ರಲ್ಲಿ ತೋರಿಸಿದ್ದರು: ಬಾಲ್ಯದಲ್ಲಿ ಆಗದ ಒಂದು ಘಟನೆಯನ್ನು ಒಂದೇ ಸಲ ಕಲ್ಪಿಸಿಕೊಂಡರೂ ಸಾಕು, ಅದು ಆಗಿತ್ತೇನೋ ಅನ್ನುವ ನಂಬಿಕೆ ಏರುತ್ತದೆ. ಆದ್ದರಿಂದ ಬಾಗಿಲ ಹಿಂದೆ ಯಾರಿದ್ದಾರೆ ಅಂತ ಗೈಡ್ ಊಹಿಸಿ ಹೇಳಬಾರದು. ಈ ಕೆಲಸಕ್ಕೆ ವರ್ಷಗಟ್ಟಲೆ ತರಬೇತಿ ಬೇಕಾಗುವುದು ಅದಕ್ಕೇ. ನನ್ನ ಅಂಕಣ ಓದಿ ಹೆಡ್‌ಫೋನ್ ಹಾಕಿಕೊಂಡು ಒಬ್ಬರೇ ಹಳೆಯ ಗಾಯಕ್ಕೆ ಕೈಹಾಕಬೇಡಿ. ಮನಸ್ಸು ಭಾರವಾಗಿ ದಿನ ದೂಡುವುದು ಕಷ್ಟವಾಗಿದ್ದರೆ ಟೆಲಿ ಮನಸ್ ಸಹಾಯವಾಣಿಯ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಹೋದ ಭಾನುವಾರ ಮಾಸ್ತರರನ್ನು ನೋಡಲಿಕ್ಕೆ ಹೋಗಿದ್ದೆ. ಈಗ ಅವರಿಗೆ ಎಂಬತ್ತೇಳು. ಕಿವಿ ಮಂದ, ಆದರೆ ಹಣೆ ಮುಂದೆ ಮಾಡಿ ಕೂತು ರೇಡಿಯೋ ಕೇಳುತ್ತಾರೆ. ಬಾನಿಯವರ ಕತೆಯನ್ನು ಗಟ್ಟಿ ದನಿಯಲ್ಲಿ ಹೇಳಿದೆ. ಬಾವಿಯ ಪ್ರಸಂಗ ನೆನಪಿದೆಯೇ ಅಂತ ಕೇಳಿದೆ. ನೆನಪಿತ್ತು.

"ನಿಮಗ ಎಂದೂ ಏನೂ ಕಂಡಿಲ್ಲೇನ್ರಿ, ಮಾಸ್ತರ?"

ಅವರು ಸ್ವಲ್ಪ ಹೊತ್ತು ಚಹಾದ ಬಟ್ಟಲನ್ನೇ ನೋಡಿದರು. "ಕಾಣ್ತಿತ್ತಪಾ. ತೋಡಿ ಶುರು ಆತಂದ್ರ ಬೀಸೋಕಲ್ಲು ಕಾಣ್ತಿತ್ತು. ಅದಕ್ಕ ನಿನಗ ನೋಡಬ್ಯಾಡ ಅಂದಿದ್ದೆ."

"ಯಾರು ಬೀಸ್ತಿದ್ರು?" ಅಂದೆ. ಗೈಡ್ ಆದವರು ಕೇಳಬಾರದ ಪ್ರಶ್ನೆ.

"ಯಾರೂ ಇಲ್ಲ," ಅಂದರು ಮಾಸ್ತರರು. "ಕಲ್ಲು ತಾನ ತಿರುಗ್ತಿತ್ತು."